ಆವರಣ ಚಿಹ್ನೆಯೊಳಗಿನ ಮಾತು

ತೆಂಗಿನ ಸೀಮೆಯ ಮತದಾರರೂ ಅವರ ಪಕ್ಷದ ಅಧ್ಯಕ್ಷರೂ

ತಿಪಟೂರಿನ ಸುತ್ತಮುತ್ತಲ ಹಳ್ಳಿಗಳ ಮನೆಗಳಲ್ಲಿ ಅಟ್ಟಕ್ಕೆ ವಿಶೇಷವಾದ ಮರ್ಯಾದೆಯುಂಟು. ಬಲಿತ ತೆಂಗಿನಕಾಯಿಯನ್ನು ಮಟ್ಟೆಯ ಸಮೇತ ಅಲ್ಲಿಗೆ ಏರಿಸಿದ ಮೇಲೆ ಹತ್ತು ಹನ್ನೊಂದು ತಿಂಗಳು ಅದರ ತಂಟೆಗೆ ಯಾರೂ ಹೋಗುವುದಿಲ್ಲ. ಒಳಗಿನ ನೀರು ನಿಧಾನವಾಗಿ ಇಂಗುತ್ತದೆ. ತಿರುಳು ಒಣಗಿ ಕರಟದಿಂದ ಬಿಡಿಸಿಕೊಳ್ಳುತ್ತದೆ. ಕಾಯಿಯನ್ನು ಅಲುಗಿಸಿದರೆ ಗಿಟುಕು ಒಳಗೆ ಉರುಳಾಡಿ ಸದ್ದು ಮಾಡುತ್ತದೆ. ಅನಂತರವೇ ಸುಲಿಯುವವರು ಬರುತ್ತಾರೆ. ಕರಟ ಒಡೆದು ಉಂಡೆ ಕೊಬ್ಬರಿ ಕೈಗೆ ಬರುವವರೆಗೂ ಅದು ಹೊನ್ನಿನ ಬಣ್ಣದ ಮಾಲೋ, ಕೊಳೆತು ಕಪ್ಪಾದದ್ದೋ ಎಂಬುದು ಮನೆಯ ಯಜಮಾನನಿಗೂ ತಿಳಿಯದು. ಒಂದು ವರ್ಷದ ಬಾಳು ಹೀಗೆ ತಲೆಯ ಮೇಲೆ ತೂಗುತ್ತಿರುವಾಗ ಕೆಳಗೆ ಸಂಸಾರ ನಡೆಯುತ್ತಿರುತ್ತದೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳ ಜನ ಕಾಯುವುದನ್ನು ಬಲ್ಲವರು. ಮಳೆಗೆ ಕಾಯುತ್ತಾರೆ, ಹೇಮಾವತಿ ನಾಲೆಯ ನೀರಿಗೆ ಕಾಯುತ್ತಾರೆ, ಮಾರುಕಟ್ಟೆಯ ಧಾರಣೆಗೆ ಕಾಯುತ್ತಾರೆ. ಇವರಲ್ಲಿ ಒಂದು ವರ್ಗದವರು ಒಂದು ರಾಜಕೀಯ ಪಕ್ಷವನ್ನೂ ಇದೇ ತಾಳ್ಮೆಯಿಂದ ಕಾದುಕೊಂಡು ಬಂದರು. ಪಕ್ಷದ ಹೆಸರು ಜನತಾ ದಳ. ಹೆಸರಿನ ಮುಂದೆ, ಆವರಣ ಚಿಹ್ನೆಯೊಳಗೆ, ‘ಜಾತ್ಯತೀತ’ ಎಂಬ ಒಂದು ಮಾತು. ಆ ಒಂದು ಮಾತಿಗಾಗಿಯೇ ಮತ ಹಾಕಿದವರ ಸಂಖ್ಯೆ ದೊಡ್ಡದಲ್ಲದಿರಬಹುದು. ಹಳ್ಳಿಯ ಶಾಲೆಯ ಉಪಾಧ್ಯಾಯರು, ತಾಲ್ಲೂಕು ಕಚೇರಿಯ ಎದುರಿನ ವಕೀಲರು, ರೈತ ಚಳವಳಿಯಲ್ಲಿ ಹಸಿರು ಶಾಲು ಹೊದ್ದವರು, ಪೇಟೆ ಬೀದಿಯ ಮುಸಲ್ಮಾನ ವರ್ತಕರು, ಹಿಂದುಳಿದ ಸಮುದಾಯಗಳ ಓದಿದ ತರುಣರು, ಇಂಥವರೇ ಹೆಚ್ಚು. 2023ರ ಸೆಪ್ಟೆಂಬರ್ 22ರಂದು, ಅವರ ಪಕ್ಷದ ರಾಷ್ಟ್ರೀಯ ಅಧ್ಯಕ್ಷರಾದ ಎಚ್. ಡಿ. ದೇವೇಗೌಡರ ಸಮ್ಮತಿಯೊಂದಿಗೆ, ಆ ಪಕ್ಷ ಭಾರತೀಯ ಜನತಾ ಪಕ್ಷದ ನೇತೃತ್ವದ ರಾಷ್ಟ್ರೀಯ ಪ್ರಜಾಸತ್ತಾತ್ಮಕ ಒಕ್ಕೂಟವನ್ನು ಸೇರಿತು. ಅಂದು ಈ ಮತದಾರರ ಮನಸ್ಸಿನಲ್ಲಿ ಎದ್ದ ಪ್ರಶ್ನೆ ಇಂದಿಗೂ ಪೂರ್ತಿ ಇಳಿದಿಲ್ಲ.

ಹೆಸರು ಬಂದ ಬಗೆ

ಆ ಮಾತು ಸುಮ್ಮನೆ ಬಂದುದಲ್ಲ. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಮುಖಂಡತ್ವದಲ್ಲಿ ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂದಾಗ ‘ಜನತಾ’ ಎಂಬ ಹೆಸರು ಈ ನಾಡಿನ ಪ್ರಗತಿಪರರ ಬಾಯಲ್ಲಿ ನೆಲೆಗೊಂಡಿತು. ಅಬ್ದುಲ್ ನಜೀರ್ ಸಾಹೇಬರು ಊರೂರಿಗೆ ಕೊಳವೆಬಾವಿ ತೋಡಿಸಿ ‘ನೀರು ಸಾಬ’ರೆನಿಸಿಕೊಂಡರು, 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದು ಅಧಿಕಾರ ಹಳ್ಳಿಯ ಜಗಲಿಗೆ ಬಂದಿತು. 1988ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿಯೇ ಜನತಾ ದಳ ಹುಟ್ಟಿತು. 1994ರ ಚುನಾವಣೆಯಲ್ಲಿ ಅದು 115 ಸ್ಥಾನಗಳನ್ನು ಗೆದ್ದು, ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ರೈತ ಮನೆತನದ ದೇವೇಗೌಡರು ಮುಖ್ಯಮಂತ್ರಿಯಾದರು.

ಅವರ ಮೇಲೆ ಪ್ರಗತಿಪರರು ಇಟ್ಟ ವಿಶ್ವಾಸಕ್ಕೆ ಕಾರಣಗಳಿದ್ದುವು. ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಮುಸಲ್ಮಾನರಿಗೆ ಶೇಕಡ 4ರ ಪ್ರತ್ಯೇಕ ಮೀಸಲಾತಿ 1995ರಲ್ಲಿ ಜಾರಿಗೆ ಬಂದುದು ಅವರ ಸರ್ಕಾರದ ಕಾಲದಲ್ಲಿ. 1996ರ ಜೂನ್ 1ರಂದು ಅವರು ದೇಶದ ಪ್ರಧಾನಿಯಾದರು. ಲೋಕಸಭೆಯಲ್ಲಿಯೂ ವಿಧಾನಸಭೆಗಳಲ್ಲಿಯೂ ಮಹಿಳೆಯರಿಗೆ ಮೂರನೆಯ ಒಂದು ಭಾಗ ಸ್ಥಾನ ಮೀಸಲಿಡುವ ಮಸೂದೆ ಮೊದಲ ಬಾರಿಗೆ ಲೋಕಸಭೆಯಲ್ಲಿ ಮಂಡಿತವಾದುದು ಆ ವರ್ಷದ ಸೆಪ್ಟೆಂಬರ್ 12ರಂದು, ಅವರ ಸರ್ಕಾರದಿಂದ. ಹನ್ನೊಂದು ತಿಂಗಳೂ ತುಂಬದ ಆಡಳಿತವಾದರೂ, ಭಾರತೀಯ ಜನತಾ ಪಕ್ಷವನ್ನು ಹೊರಗಿಟ್ಟು ಹದಿಮೂರು ಪಕ್ಷಗಳನ್ನು ಒಂದು ಚಪ್ಪರದ ಕೆಳಗೆ ಕೂಡಿಸಿದ ಆಡಳಿತ ಅದು.

1999ರಲ್ಲಿ ಆ ಚಪ್ಪರ ಕಳಚಿಬಿದ್ದಿತು. ಮುಖ್ಯಮಂತ್ರಿ ಜೆ. ಎಚ್. ಪಟೇಲರೂ ಅವರ ಬಳಗದವರೂ ಭಾರತೀಯ ಜನತಾ ಪಕ್ಷದ ಒಕ್ಕೂಟದ ಕಡೆ ವಾಲಿದಾಗ ದಳ ಒಡೆಯಿತು. ಆ ಕಡೆ ಹೋದವರು ಸಂಯುಕ್ತ ಜನತಾ ದಳವೆನಿಸಿಕೊಂಡರು. ಹೋಗದೆ ಉಳಿದವರು, ತಾವು ಹೋಗಲಿಲ್ಲವೆಂಬುದನ್ನು ಸಾರಲೆಂದೇ, ಹೆಸರಿನೊಳಗೆ ‘ಜಾತ್ಯತೀತ’ ಎಂಬ ಮಾತನ್ನು ಇಟ್ಟುಕೊಂಡರು. ಅವರ ಅಧ್ಯಕ್ಷರು ದೇವೇಗೌಡರು. ಆ ವರ್ಷದ ವಿಧಾನಸಭಾ ಚುನಾವಣೆಯಲ್ಲಿ ಅವರಿಗೆ ದೊರೆತುದು 10 ಸ್ಥಾನಗಳು ಮಾತ್ರ. ಸೋತರೂ ಹೆಸರು ಉಳಿಯಿತೆಂದು ಅಭಿಮಾನಿಗಳು ಸಮಾಧಾನಪಟ್ಟುಕೊಂಡರು.

ಮೊದಲ ಪೆಟ್ಟು

ಆ ಸಮಾಧಾನ ಆರೂವರೆ ವರ್ಷ ಬಾಳಿತು. 2004ರಲ್ಲಿ ಯಾರಿಗೂ ಬಹುಮತ ಬಾರದೆ, 58 ಸ್ಥಾನ ಪಡೆದ ದಳ ಕಾಂಗ್ರೆಸ್ಸಿನೊಡನೆ ಸೇರಿ ಸರ್ಕಾರ ನಡೆಸಿತು. ಉಪಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರು 2005ರಲ್ಲಿ ಹೊರದೂಡಲ್ಪಟ್ಟರು. ಅವರೊಂದಿಗೆ ಹಿಂದುಳಿದ ವರ್ಗಗಳ ಮತದಾರರಲ್ಲಿ ಅನೇಕರು ಹೊರಟುಹೋದರು. 2006ರ ಫೆಬ್ರವರಿ 3ರಂದು ಅಧ್ಯಕ್ಷರ ಮಗ ಎಚ್. ಡಿ. ಕುಮಾರಸ್ವಾಮಿಯವರು ಭಾರತೀಯ ಜನತಾ ಪಕ್ಷದ ಬೆಂಬಲದಿಂದ ಮುಖ್ಯಮಂತ್ರಿಯಾದರು.

ತಂದೆ ಆಗ ತಮಗೆ ಆಘಾತವಾಯಿತೆಂದು ಬಹಿರಂಗವಾಗಿ ಹೇಳಿದರು. ನಂಬಿದವರು ಅದನ್ನು ನಂಬಿದರು. ‘ಮಗ ಮಾಡಿದುದಕ್ಕೆ ಅಪ್ಪ ಏನು ಮಾಡಿಯಾನು’ ಎಂದು ಊರ ಕಟ್ಟೆಯ ಮೇಲೆ ಸಮರ್ಥಿಸಿದವರೂ ಉಂಟು. ಮುಂದೆ ತಂದೆ ಮಕ್ಕಳು ಒಂದಾದರು. ಇಪ್ಪತ್ತು ತಿಂಗಳ ಮೇಲೆ ಅಧಿಕಾರ ಬಿಟ್ಟುಕೊಡುವ ಮಾತು ಬಂದಾಗ ಮಿತ್ರರೊಡನೆಯೂ ಜಗಳವಾಯಿತು. 2007ರ ನವೆಂಬರಿನಲ್ಲಿ ಪ್ರಮಾಣವಚನ ಸ್ವೀಕರಿಸಿದ ಬಿ. ಎಸ್. ಯಡಿಯೂರಪ್ಪನವರು ಒಂದೇ ವಾರದಲ್ಲಿ ರಾಜೀನಾಮೆ ಕೊಡಬೇಕಾಯಿತು. 2008ರಲ್ಲಿ ಮತದಾರರು ದಳವನ್ನು 28 ಸ್ಥಾನಗಳಿಗೆ ಇಳಿಸಿದರು. ಆದರೂ ಪ್ರಗತಿಪರರ ಒಂದು ಪಾಲು ಅಲ್ಲಿಯೇ ಉಳಿಯಿತು. 2018ರಲ್ಲಿ ದಳ ಮತ್ತೆ ಕಾಂಗ್ರೆಸ್ಸಿನೊಡನೆ ಕೂಡಿದಾಗ ತಪ್ಪು ತಿದ್ದಿತೆಂದು ಅವರು ಭಾವಿಸಿದರು.

ತೆಂಗಿನ ಸೀಮೆಯಲ್ಲಿ ಈ ವಿಶ್ವಾಸಕ್ಕೆ ಅಡ್ಡ ನಿಂತುದು ಸಿದ್ಧಾಂತಕ್ಕಿಂತ ಹೆಚ್ಚಾಗಿ ನೀರು. ಹೇಮಾವತಿಯ ಅಣೆಕಟ್ಟು ಇರುವುದು ಹಾಸನ ಜಿಲ್ಲೆಯ ಗೊರೂರಿನಲ್ಲಿ. ಅದರ ಎಡದಂಡೆ ನಾಲೆಯ ನೀರು ಬಾಗೂರು–ನವಿಲೆ ಸುರಂಗ ದಾಟಿ ತುಮಕೂರು ಸೀಮೆಗೆ ಬರಬೇಕು. ತಮ್ಮ ಪಾಲು ಹಾಸನದವರ ಮರ್ಜಿಯಲ್ಲಿದೆ ಎಂಬ ಗೊಣಗಾಟ ಈ ತಾಲ್ಲೂಕುಗಳಲ್ಲಿ ಹಳೆಯದು. 2019ರ ಲೋಕಸಭಾ ಚುನಾವಣೆಯಲ್ಲಿ ದೇವೇಗೌಡರು, ಕಾಂಗ್ರೆಸ್ಸಿನ ಬೆಂಬಲದೊಡನೆ, ಹಾಸನವನ್ನು ಮೊಮ್ಮಗನಿಗೆ ಬಿಟ್ಟುಕೊಟ್ಟು ತುಮಕೂರಿನಲ್ಲಿ ನಿಂತಾಗ ಎದುರಾಳಿಗಳು ಎತ್ತಿದ ದೊಡ್ಡ ಮಾತು ಇದೇ. ಅವರು 13,339 ಮತಗಳಿಂದ ಸೋತರು. ಮಾಜಿ ಪ್ರಧಾನಿಗೆ ಆದ ಆ ಸೋಲಿನಲ್ಲಿ, ಅವರಿಗೇ ಮತ ಕೊಟ್ಟ ಜಾತ್ಯತೀತ ಮನಸ್ಸಿನವರು ನಿಜವಾಗಿ ನೊಂದುಕೊಂಡರು.

ಎರಡು ತಾಲ್ಲೂಕುಗಳ ತೀರ್ಪು

2023ರ ಮೇ ತಿಂಗಳಿಗೆ ಬರೋಣ. ಅದಕ್ಕೆ ಎರಡು ತಿಂಗಳ ಹಿಂದೆ, ಅಂದಿನ ಭಾರತೀಯ ಜನತಾ ಪಕ್ಷದ ರಾಜ್ಯ ಸರ್ಕಾರ ಮುಸಲ್ಮಾನರ ಶೇಕಡ 4ರ ಮೀಸಲಾತಿಯನ್ನು ತೆಗೆದು, ಒಕ್ಕಲಿಗರಿಗೂ ಲಿಂಗಾಯತರಿಗೂ ತಲಾ ಎರಡರಂತೆ ಹಂಚುವ ತೀರ್ಮಾನ ಮಾಡಿತ್ತು. ವಿಷಯ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿ, ತೀರ್ಮಾನ ಜಾರಿಗೆ ಬಾರದೆ ನಿಂತಿತು. ದೇವೇಗೌಡರ ಕಾಲದಲ್ಲಿ ಬಂದ ಸೌಲಭ್ಯವನ್ನು ಕಿತ್ತುಕೊಳ್ಳುವ ಆ ಕ್ರಮವನ್ನು ಜಾತ್ಯತೀತ ಜನತಾ ದಳ ವಿರೋಧಿಸಿತು. ಆಗ ಅದರ ರಾಜ್ಯಾಧ್ಯಕ್ಷರಾಗಿದ್ದವರು ಸಿ. ಎಂ. ಇಬ್ರಾಹಿಂ. ಹೀಗಿರುವಾಗ, ಆ ಪಕ್ಷಕ್ಕೆ ಬೀಳುವ ಮತ ಯಾರಿಗೆ ಎದುರಾದ ಮತವೆಂಬುದರಲ್ಲಿ ತೆಂಗಿನ ಸೀಮೆಯ ಓದಿದ ಮತದಾರನಿಗೆ ಸಂಶಯವೇನೂ ಇರಲಿಲ್ಲ.

ಫಲಿತಾಂಶ ಬಂದಾಗ ರಾಜ್ಯದಲ್ಲಿ ಕಾಂಗ್ರೆಸ್ಸಿಗೆ 135, ಭಾರತೀಯ ಜನತಾ ಪಕ್ಷಕ್ಕೆ 66, ದಳಕ್ಕೆ ಕೇವಲ 19 ಸ್ಥಾನಗಳು. ಆ ಹತ್ತೊಂಬತ್ತರಲ್ಲಿ ಎರಡು ತೆಂಗಿನ ಸೀಮೆಯವು. ಚಿಕ್ಕನಾಯಕನಹಳ್ಳಿಯಲ್ಲಿ ಸಿ. ಬಿ. ಸುರೇಶ್ ಬಾಬು, ತುರುವೇಕೆರೆಯಲ್ಲಿ ಎಂ. ಟಿ. ಕೃಷ್ಣಪ್ಪ ಗೆದ್ದರು. ಎರಡೂ ಕ್ಷೇತ್ರಗಳಲ್ಲಿ ಅದುವರೆಗೆ ಇದ್ದವರು ಭಾರತೀಯ ಜನತಾ ಪಕ್ಷದ ಶಾಸಕರು, ಚಿಕ್ಕನಾಯಕನಹಳ್ಳಿಯ ಜೆ. ಸಿ. ಮಾಧುಸ್ವಾಮಿಯವರಂತೂ ಸಚಿವರು. ತಿಪಟೂರಿನಲ್ಲಿ ಸಚಿವ ಬಿ. ಸಿ. ನಾಗೇಶರನ್ನು ಸೋಲಿಸಿದವರು ಕಾಂಗ್ರೆಸ್ಸಿನ ಕೆ. ಷಡಕ್ಷರಿ. ಮೂರು ತಾಲ್ಲೂಕುಗಳೂ ಒಂದೇ ಪಕ್ಷದ ಕೈಯಿಂದ ಅಧಿಕಾರವನ್ನು ಬಿಡಿಸಿಕೊಂಡಿದ್ದುವು. ಎರಡು ಅದನ್ನು ದಳದ ಕೈಗೆ ಕೊಟ್ಟಿದ್ದುವು.

ಆ ತೀರ್ಪಿಗೆ ನಾಲ್ಕು ತಿಂಗಳು ತುಂಬಿ ಕೆಲವೇ ದಿನಗಳಾಗಿದ್ದುವು. ಮೇ ತಿಂಗಳಲ್ಲಿ ಅಟ್ಟಕ್ಕೇರಿಸಿದ ಕಾಯಿಯೊಳಗಿನ ನೀರು ಕೂಡ ಇಂಗಿರಲಿಲ್ಲ. ಸೋಲಿಸಿದವರೂ ಸೋತವರೂ ಒಂದೇ ಒಕ್ಕೂಟದವರಾದರು. ಮಹಿಳಾ ಮೀಸಲಾತಿಯ ಮಸೂದೆಗೆ, ಇಪ್ಪತ್ತೇಳು ವರ್ಷಗಳ ಅನಂತರ, ರಾಜ್ಯಸಭೆಯ ಒಪ್ಪಿಗೆಯೂ ದೊರೆತು ಸಂಸತ್ತಿನಲ್ಲಿ ಅದರ ಹಾದಿ ಮುಗಿದುದು ಸೆಪ್ಟೆಂಬರ್ 21ರಂದು. ಆ ಮಸೂದೆಯನ್ನು ಮೊದಲು ತಂದ ಪ್ರಧಾನಿಯ ಪಕ್ಷ, ಅದನ್ನು ಪೂರೈಸಿದ ಸರ್ಕಾರದ ಮೈತ್ರಿಕೂಟಕ್ಕೆ ಸೇರಿದುದು ಮರುದಿನ.

ಅಧ್ಯಕ್ಷರ ಕಡೆಯ ವಾದ

ನ್ಯಾಯವಾಗಿ ನೋಡುವವರು ಆ ಕಡೆಯ ಮಾತನ್ನೂ ಕೇಳಬೇಕು. ದೇವೇಗೌಡರಿಗೆ ಆಗ ತೊಂಬತ್ತು ವರ್ಷ. ಅರ್ಧ ಶತಮಾನಕ್ಕೂ ಮೀರಿದ ದುಡಿಮೆಯ ಕೊನೆಗೆ ಪಕ್ಷ ಶೇಕಡ 13ರಷ್ಟು ಮತಗಳಿಗೆ ಕುಗ್ಗಿತ್ತು. ಪಕ್ಷವನ್ನು ಉಳಿಸಿಕೊಳ್ಳಲು ಈ ಹೆಜ್ಜೆ ಅನಿವಾರ್ಯವಾಯಿತು, ಸಿದ್ಧಾಂತವನ್ನು ತಾವು ಬಿಟ್ಟಿಲ್ಲ ಎಂದು ಅವರು ಹೇಳಿದರು. 2018ರ ಸಮ್ಮಿಶ್ರ ಸರ್ಕಾರ ಹದಿನಾಲ್ಕು ತಿಂಗಳಲ್ಲಿ ಉರುಳಿದಾಗ ಕಾಂಗ್ರೆಸ್ಸಿನವರೇ ಒಳಗಿನಿಂದ ಕಾಲೆಳೆದರೆಂಬ ಕಹಿಯೂ ದಳದಲ್ಲಿ ಇತ್ತು. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ದಳಕ್ಕೆ ದಿನನಿತ್ಯದ ಎದುರಾಳಿ ಕಾಂಗ್ರೆಸ್ಸೇ ಹೊರತು ಬೇರೆಯಲ್ಲ. ಪಂಚಾಯಿತಿಯಲ್ಲಿ, ಹಾಲಿನ ಸಂಘದಲ್ಲಿ, ಸಹಕಾರ ಬ್ಯಾಂಕಿನಲ್ಲಿ ಕಾದಾಡುವವರು ಈ ಎರಡು ಪಕ್ಷಗಳವರು.

ಕೊಬ್ಬರಿಯ ವಾದವೂ ಒಂದುಂಟು. 2021ರಲ್ಲಿ ಕ್ವಿಂಟಲಿಗೆ 17,000 ರೂಪಾಯಿ ದಾಟಿದ್ದ ಉಂಡೆ ಕೊಬ್ಬರಿ 2023ರಲ್ಲಿ 8,000ದ ಆಸುಪಾಸಿಗೆ ಕುಸಿದಿತ್ತು. ಕೇಂದ್ರದ ಬೆಂಬಲ ಬೆಲೆಯೇ 11,750 ರೂಪಾಯಿ. ತಿಪಟೂರಿನ ಮಾರುಕಟ್ಟೆಯ ಎದುರು ರೈತರು ಧರಣಿ ಕುಳಿತರು. ಒಕ್ಕೂಟ ಸೇರಿದ ಮೂರು ತಿಂಗಳಿಗೆ ದೇವೇಗೌಡರು ಪ್ರಧಾನಿಯವರನ್ನು ಕಂಡು ಕೊಬ್ಬರಿ ಬೆಳೆಗಾರರ ಸಂಕಟವನ್ನು ಅರಿಕೆ ಮಾಡಿದರು. ಡಿಸೆಂಬರ್ 27ರಂದು ಕೇಂದ್ರ ಸಂಪುಟ 2024ರ ಬೆಂಬಲ ಬೆಲೆಯನ್ನು 12,000ಕ್ಕೆ ಏರಿಸಿತು. ನಾಫೆಡ್ ಮೂಲಕ ಖರೀದಿಯೂ ನಡೆಯಿತು. ರಾಜ್ಯ ಸರ್ಕಾರ ಅದಕ್ಕೆ 1,500 ರೂಪಾಯಿ ಸೇರಿಸಿತು. ದಿಲ್ಲಿಯ ಬಾಗಿಲು ತೆರೆದಿದ್ದುದರಿಂದಲೇ ನಮ್ಮ ಕೂಗು ಕೇಳಿಸಿತು ಎಂದು ದಳದವರು ಹೇಳಿದರೆ ಅದನ್ನು ಸುಲಭವಾಗಿ ತಳ್ಳಿಹಾಕುವಂತಿರಲಿಲ್ಲ.

ಆದರೆ ಲೆಕ್ಕ ಬಲ್ಲ ಬೆಳೆಗಾರ ಇನ್ನೊಂದನ್ನೂ ನೋಡಿದ. ಬೆಂಬಲ ಬೆಲೆ ಏರಿದುದು 250 ರೂಪಾಯಿ. ಇಂಥ ಏರಿಕೆ ವರ್ಷ ವರ್ಷವೂ ನಡೆಯುವಂಥದೇ. ಮರುವರ್ಷ ಅದು 12,100 ಆಯಿತು, ಅಂದರೆ 100 ರೂಪಾಯಿ ಹೆಚ್ಚಳ. 2025ರಲ್ಲಿ ಮಾರುಕಟ್ಟೆ ತಾನಾಗಿಯೇ ಏರಿ ಬೆಂಬಲ ಬೆಲೆಯನ್ನು ಬಹು ದೂರ ಹಿಂದೆ ಹಾಕಿತು. ಧಾರಣೆಗೆ ಯಾವ ಪಕ್ಷದ ಬಾವುಟವೂ ಇಲ್ಲವೆಂಬುದು ಅಡತಿ ಮಂಡಿಯ ಹಳೆಯ ಅನುಭವ.

ಯಾರು ಯಾರನ್ನು ಹೊರಗೆ ಹಾಕಬೇಕು?

ಪ್ರಗತಿಪರ ಮತದಾರರ ನೋವಿನ ಮೂಲ ಮೈತ್ರಿಯಲ್ಲಿ ಮಾತ್ರವಿರಲಿಲ್ಲ. ಅದು ನಡೆದ ಕ್ರಮದಲ್ಲಿ ಇತ್ತು. ರಾಜ್ಯಾಧ್ಯಕ್ಷ ಇಬ್ರಾಹಿಂ ಅವರು ಮೈತ್ರಿಗೆ ಒಪ್ಪಲಿಲ್ಲ. 2023ರ ಅಕ್ಟೋಬರ್ 16ರಂದು ಬೆಂಗಳೂರಿನಲ್ಲಿ ಸಮಾನಮನಸ್ಕರ ಸಭೆ ಕರೆದು, ನಿಜವಾದ ಜಾತ್ಯತೀತ ದಳ ತಮ್ಮದೇ ಎಂದರು. ಮೂರು ದಿನಗಳಲ್ಲಿ ದೇವೇಗೌಡರು ರಾಜ್ಯ ಘಟಕವನ್ನೇ ವಿಸರ್ಜಿಸಿ, ಕುಮಾರಸ್ವಾಮಿಯವರನ್ನು ತಾತ್ಕಾಲಿಕ ಅಧ್ಯಕ್ಷರನ್ನಾಗಿ ನೇಮಿಸಿದರು. ಕೇರಳದಲ್ಲಿ ಇನ್ನೂ ವಿಚಿತ್ರವಾದ ಸ್ಥಿತಿ. ಅಲ್ಲಿಯ ಘಟಕ ಎಡರಂಗದಲ್ಲಿಯೇ ಉಳಿಯಿತು. ಅದರ ಮಂತ್ರಿಯೊಬ್ಬರು ಪಿಣರಾಯಿ ವಿಜಯನ್ ಅವರ ಸಂಪುಟದಲ್ಲಿ ಮುಂದುವರಿದರು. ಹೆಸರು ಒಂದು, ರಾಷ್ಟ್ರೀಯ ಅಧ್ಯಕ್ಷರು ಒಬ್ಬರು. ಬೆಂಗಳೂರಿನಲ್ಲಿ ಒಂದು ದಾರಿ, ತಿರುವನಂತಪುರದಲ್ಲಿ ಅದಕ್ಕೆ ತೀರ ಎದುರಾದ ದಾರಿ.

ಇಂಥ ಸಂಕಟ ಲೋಕಕ್ಕೆ ಹೊಸದಲ್ಲ. 1931ರ ಆಗಸ್ಟಿನಲ್ಲಿ ಬ್ರಿಟನ್ನಿನ ಲೇಬರ್ ಪಕ್ಷದ ಪ್ರಧಾನಿ ರಾಮ್ಸೆ ಮ್ಯಾಕ್‌ಡೊನಾಲ್ಡ್ ಆರ್ಥಿಕ ಮುಗ್ಗಟ್ಟಿನ ನಡುವೆ ಕನ್ಸರ್ವೇಟಿವರೊಡನೆ ಸೇರಿ ರಾಷ್ಟ್ರೀಯ ಸರ್ಕಾರ ರಚಿಸಿದರು. ಪಕ್ಷ ಕಟ್ಟಿದವರಲ್ಲಿ ಅವರೂ ಒಬ್ಬರು. ಗಣಿ ಕೆಲಸಗಾರರ ಮನೆಗಳಲ್ಲಿ ಅವರ ಚಿತ್ರ ತೂಗುತ್ತಿತ್ತು. ಆದರೂ ಪಕ್ಷ ಅವರನ್ನು ಹೊರಗೆ ಹಾಕಿತು. ಅದಕ್ಕಾಗಿ ಭಾರಿ ಬೆಲೆಯನ್ನೂ ತೆತ್ತಿತು: 1929ರಲ್ಲಿ 287 ಸ್ಥಾನ ಗೆದ್ದಿದ್ದ ಲೇಬರ್, 1931ರ ಅಕ್ಟೋಬರಿನ ಚುನಾವಣೆಯಲ್ಲಿ 52ಕ್ಕೆ ಇಳಿಯಿತು. ಆದರೆ ಹೆಸರೂ ಬಾವುಟವೂ ಸಾಮಾನ್ಯ ಸದಸ್ಯರ ಬಳಿ ಉಳಿದುವು; 1945ರಲ್ಲಿ ಅದೇ ಪಕ್ಷ ಬಹುಮತದಿಂದ ಮರಳಿ ಬಂದಿತು. ನಾಯಕ ಹೋದ, ಪಕ್ಷ ಉಳಿಯಿತು.

ಇಲ್ಲಿ ನಡೆದುದು ಅದರ ತಿರುಗುಮುರುಗು. ಅಧ್ಯಕ್ಷರು ಉಳಿದರು, ಭಿನ್ನಮತದವರು ಹೊರಗಾದರು. ಅಧ್ಯಕ್ಷರನ್ನು ಪ್ರಶ್ನಿಸಬಲ್ಲ ಸಂಸ್ಥೆಯೊಂದು ಪಕ್ಷದೊಳಗೆ ಬೆಳೆದೇ ಇರಲಿಲ್ಲ. ನಮ್ಮ ಕಾನೂನು ಕೂಡ ಈ ಕೊರತೆಯನ್ನು ತುಂಬುವುದಿಲ್ಲ. 1985ರ ಪಕ್ಷಾಂತರ ನಿಷೇಧದ ತಿದ್ದುಪಡಿ ಶಾಸಕನನ್ನು ಪಕ್ಷಕ್ಕೆ ಕಟ್ಟಿಹಾಕಿತು. ಒಬ್ಬ ಶಾಸಕ ಮತದಾರರ ಮಾತು ಕೇಳಿ ಪಕ್ಷ ಬಿಟ್ಟರೆ ಅವನ ಸ್ಥಾನ ಹೋಗುತ್ತದೆ. ಪಕ್ಷವೇ ಮತದಾರರನ್ನು ಬಿಟ್ಟು ಇನ್ನೊಂದು ಕಡೆ ಹೋದರೆ ಯಾರ ಸ್ಥಾನವೂ ಹೋಗುವುದಿಲ್ಲ. ಚಿಕ್ಕನಾಯಕನಹಳ್ಳಿ, ತುರುವೇಕೆರೆಗಳ ಶಾಸಕರಿಗೆ ಇದ್ದ ದಾರಿಯೂ ಅಷ್ಟೇ. ಸುರೇಶ್ ಬಾಬು ಅವರು 2024ರಲ್ಲಿ ವಿಧಾನಸಭೆಯಲ್ಲಿ ದಳದ ಶಾಸಕಾಂಗ ಪಕ್ಷದ ನಾಯಕರೂ ಆದರು.

ಮುಂದಿನ ಮತ

2024ರ ಲೋಕಸಭಾ ಚುನಾವಣೆಯಲ್ಲಿ ತುಮಕೂರು ಕ್ಷೇತ್ರದ ದಳದ ಕಾರ್ಯಕರ್ತರು, ಒಂದು ವರ್ಷದ ಹಿಂದೆ ಯಾರ ವಿರುದ್ಧ ಮನೆಮನೆ ತಿರುಗಿದ್ದರೋ ಅವರದೇ ಕಮಲದ ಗುರುತಿಗೆ ಮತ ಕೇಳಬೇಕಾಯಿತು. ವಿ. ಸೋಮಣ್ಣನವರು 1,75,000ಕ್ಕೂ ಹೆಚ್ಚಿನ ಅಂತರದಿಂದ ಗೆದ್ದರು. ದಳಕ್ಕೆ ರಾಜ್ಯದಲ್ಲಿ ಮಂಡ್ಯ, ಕೋಲಾರ ಎರಡು ಸ್ಥಾನಗಳು ದಕ್ಕಿದುವು. ಮನೆಯ ಅಂಗಳವಾದ ಹಾಸನ ಕೈಬಿಟ್ಟಿತು. ಕುಮಾರಸ್ವಾಮಿಯವರು ಕೇಂದ್ರದಲ್ಲಿ ಭಾರಿ ಕೈಗಾರಿಕೆ ಮತ್ತು ಉಕ್ಕಿನ ಸಚಿವರಾದರು. ಅಂಕಿಗಳ ಭಾಷೆಯಲ್ಲಿ ಅಧ್ಯಕ್ಷರ ಎಣಿಕೆ ತಪ್ಪಾಗಲಿಲ್ಲವೆಂದೇ ಹೇಳಬೇಕು.

ಆದರೆ ಅಂಕಿಗಳು ಹೇಳದ ಸಂಗತಿಯೊಂದುಂಟು. ಗೆದ್ದ ಪಕ್ಷದ ಮೆರವಣಿಗೆ ಬೀದಿಯಲ್ಲಿ ಹೋಗುವಾಗ ಅದೇ ಪಕ್ಷಕ್ಕೆ ಮೂವತ್ತು ವರ್ಷ ಮತ ಹಾಕಿದವನು ಬಾಗಿಲಲ್ಲಿ ನಿಂತು ನೋಡಿದರೆ, ಅವನ ಮೌನವನ್ನು ಯಾವ ಆಯೋಗವೂ ಎಣಿಸುವುದಿಲ್ಲ. ಅವನು ಕಾಂಗ್ರೆಸ್ಸಿಗೆ ಹೋಗಬಹುದು. ಆದರೆ ಆ ಪಕ್ಷದ ವಿರುದ್ಧವಾಗಿಯೇ ಅವನ ರಾಜಕೀಯ ಜೀವನ ಆರಂಭವಾಗಿತ್ತು. ಮನೆಯಲ್ಲಿ ಕುಳಿತುಕೊಳ್ಳಬಹುದು, ಮತ ಹಾಕದೆ ಕುಳಿತವನ ಅಭಿಪ್ರಾಯ ಗಾಳಿಯ ಪಾಲು. ಹಳೆಯ ಅಭಿಮಾನಕ್ಕಾಗಿ ಅಲ್ಲಿಯೇ ಉಳಿಯಬಹುದು. ಆಗ ಬೆಂಗಳೂರಿನ ಕಾಲೇಜಿನಿಂದ ರಜೆಗೆ ಬಂದ ಮಗಳು, ‘ಅಪ್ಪಾಜಿ, ಆ ಹೆಸರಿನಲ್ಲಿರುವ ಮಾತಿಗೆ ಈಗ ಏನು ಅರ್ಥ?’ ಎಂದು ಕೇಳಿದರೆ ಉತ್ತರ ಕೊಡಬೇಕಾಗುತ್ತದೆ.

ತಿಪಟೂರಿನ ಹತ್ತಿರ ದಸರೀಘಟ್ಟದ ಚೌಡೇಶ್ವರಿಯ ಸನ್ನಿಧಿಯುಂಟು. ಅಲ್ಲಿ ಪ್ರಶ್ನೆ ಕೇಳಿದ ಭಕ್ತರಿಗೆ ದೇವಿಯೇ ಬರೆದು ಉತ್ತರ ಕೊಡುವಳೆಂಬ ನಂಬಿಕೆಯಿಂದ ದೂರದೂರದ ಜನ ಬರುತ್ತಾರೆ, ರಾಜಕಾರಣಿಗಳೂ ಬರುತ್ತಾರೆ. ಪಕ್ಷದ ಅಧ್ಯಕ್ಷರ ಮುಂದೆ ಪ್ರಶ್ನೆ ಇಡಲು ಮತದಾರನಿಗೆ ಅಂಥ ಒಂದು ಪೀಠವೂ ಇಲ್ಲ. ಅವನು ಕೇಳಬೇಕೆಂದಿರುವುದಾದರೂ ದೊಡ್ಡದೇನಲ್ಲ. ದಾರಿ ಬದಲಿಸುವ ಮೊದಲು ತನ್ನನ್ನು ಒಂದು ಮಾತು ಕೇಳಬೇಕಿತ್ತು. ಕೇಳುವುದಾಗದಿದ್ದರೆ, ಹೆಸರಿನಲ್ಲಿರುವ ಆ ಮಾತನ್ನಾದರೂ ಕೆಳಗಿಡಬೇಕಿತ್ತು.

ಮುಂದಿನ ಚುನಾವಣೆಗೂ ಈ ಸೀಮೆಗೆ ಪ್ರಚಾರದ ವಾಹನಗಳು ಬರುತ್ತವೆ. ನೊಣವಿನಕೆರೆ, ಮಾಯಸಂದ್ರ, ಹುಳಿಯಾರುಗಳ ಸಂತೆಮಾಳದಲ್ಲಿ ಭಾಷಣಗಳಾಗುತ್ತವೆ. ಜನ ಕೇಳಲು ಹೋಗುತ್ತಾರೆ. ಕಾಯಿಯನ್ನು ಅಟ್ಟದಿಂದ ಇಳಿಸುವಾಗ ಮಾಡುವಂತೆ, ಈ ಬಾರಿ ಒಂದೊಂದು ಮಾತನ್ನೂ ಕಿವಿಯ ಹತ್ತಿರ ಹಿಡಿದು ಅಲುಗಿಸಿ ನೋಡುತ್ತಾರೆ.